ಸಾಕುನಾಯಿಯ ರೋಗರಕ್ಷೆ: ಘಟಪ್ರಭೆಯ ಸೀಮೆಯಿಂದ ಕಂಡ ಚರಿತ್ರೆ

ಮನುಷ್ಯನು ತನ್ನ ಬಾಳಿನಲ್ಲಿ ಸೇರಿಸಿಕೊಂಡ ಪ್ರಾಣಿಗಳಲ್ಲಿ ನಾಯಿಯೇ ಮೊದಲನೆಯದು. ಎತ್ತು ನೊಗಕ್ಕೆ ಹೆಗಲು ಕೊಡುವುದಕ್ಕೂ ಹಸು ಕೊಟ್ಟಿಗೆಗೆ ಬರುವುದಕ್ಕೂ ಕುದುರೆ ಜೀನು ಹೊರುವುದಕ್ಕೂ ಎಷ್ಟೋ ಸಾವಿರ ವರ್ಷ ಮುಂಚೆಯೇ ನಾಯಿಯು ಬೇಟೆಗಾರನ ಬೆಂಕಿಯ ಬಳಿ ಮಲಗಲು ಕಲಿತಿದ್ದಿತು. ಆದರೂ ಅದರ ರೋಗಗಳ ವಿಚಾರವಾಗಿ ಕ್ರಮವಾದ ಆಲೋಚನೆಯು ತೀರ ತಡವಾಗಿ ಮೊದಲಾಯಿತು. ಈಗ ಗೋಕಾಕದಲ್ಲಾಗಲಿ ಮೂಡಲಗಿಯಲ್ಲಾಗಲಿ ಹುಕ್ಕೇರಿಯಲ್ಲಾಗಲಿ ಒಂದು ಮನೆತನದವರು ನಾಯಿಮರಿಯನ್ನು ತಂದರೆಂದರೆ, ಅವರ ಕೈಗೆ ಉದ್ದವಾದದೊಂದು ಯಾದಿ ಬರುತ್ತದೆ. ಹುಚ್ಚಿನ ಸೂಜಿ, ಏಳು ರೋಗಕ್ಕೊಂದು ಸೂಜಿ, ಒಂಬತ್ತು ರೋಗಕ್ಕೊಂದು ಸೂಜಿ, ಜಂತಿನ ಗುಳಿಗೆ, ಉಣ್ಣೆಯ ಔಷಧ, ಕೆಮ್ಮಿನ ಲಸಿಕೆ, ಹೀಗೆ. ಇವುಗಳಲ್ಲಿ ಯಾವುದು ಬೇಕೇ ಬೇಕು, ಯಾವುದು ಸ್ಥಳವನ್ನು ನೋಡಿ ಬೇಕು, ಯಾವುದನ್ನು ಬಿಟ್ಟರೂ ನಡೆದೀತು? ಯಾದಿಯಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುವುದರಿಂದ ಈ ಭೇದವು ಕಾಣುವುದಿಲ್ಲ. ಆದರೆ ಅದರಲ್ಲಿಯ ಒಂದೊಂದು ಹೆಸರೂ ಒಂದೊಂದು ಕಾಲದಲ್ಲಿ, ಒಂದೊಂದು ಕಾರಣದಿಂದ ಅಲ್ಲಿಗೆ ಬಂದುದು. ಆ ಕಾರಣಗಳನ್ನು ಬಲ್ಲವರಿಗೆ ಆಯ್ಕೆಯು ಕಠಿಣವಾಗದು.

೧

ಕನ್ನಡ ನಾಡು ನಾಯಿಯನ್ನು ಕೀಳಾಗಿ ಕಂಡಿತೆಂಬ ಮಾತು ಪೂರ್ತಿಯಾಗಿ ನಿಜವಲ್ಲ. ಕ್ರಿ. ಶ. ೯೫೦ ರ ಸುಮಾರಿನ ಆತಕೂರಿನ ಶಿಲಾಶಾಸನವು ಇದಕ್ಕೆ ಸಾಕ್ಷಿ. ಗಂಗರ ಬೂತುಗನ ಸೇವಕನಾದ ಮಣಲೇರನು ತನ್ನ ಶೌರ್ಯಕ್ಕೆ ಬಹುಮಾನವಾಗಿ ಒಡೆಯನಿಂದ 'ಕಾಳಿ'ಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತುವು. ಅದರ ನೆನಪಿಗಾಗಿ ಕಲ್ಲನ್ನು ನೆಟ್ಟರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳೊಳಗೆ ಸಾರಮೇಯವಿನೋದಕ್ಕೂ ಒಂದು ಸ್ಥಾನವಿದೆ. ಬೆಳಗಾವಿ ಜಿಲ್ಲೆಯ ಮಂಗಸೂಳಿಯೇ ಮೊದಲಾದ ಮೈಲಾರಲಿಂಗನ ಕ್ಷೇತ್ರಗಳಲ್ಲಿ ನಾಯಿಯು ದೇವರ ಪರಿವಾರಕ್ಕೆ ಸೇರಿದುದು. ಮೈಲಾರನ ಗೊರವರು ತಾವೇ ದೇವರ ನಾಯಿಗಳೆಂದು ಭಾವಿಸಿ ದೋಣಿಯಲ್ಲಿ ಸುರಿದ ಪ್ರಸಾದವನ್ನು ಬಾಯಿಂದಲೇ ಸ್ವೀಕರಿಸುವ ಪದ್ಧತಿಯು ಹಳೆಯದು. ಕುರಿ ಕಾಯುವ ಹಾಲುಮತದವರಿಗಂತೂ ನಾಯಿಯಿಲ್ಲದೆ ರಾತ್ರಿ ಕಳೆಯದು.

ಇಷ್ಟು ಪ್ರೀತಿಯಿದ್ದರೂ ವೈದ್ಯವು ಬೇರೆ ದಾರಿ ಹಿಡಿಯಿತು. ಕ್ರಿ. ಶ. ೧೧೦೦ ರ ಸುಮಾರಿನಲ್ಲಿ ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ಕನ್ನಡದಲ್ಲಿ 'ಗೋವೈದ್ಯ'ವನ್ನು ಬರೆದನು. ಕುದುರೆಯ ಚಿಕಿತ್ಸೆಗೆ ಶಾಲಿಹೋತ್ರನ ಪರಂಪರೆಯಿದ್ದಿತು. ಬೇಸಾಯ ನಡೆಸುವ ಎತ್ತಿಗೆ, ದಂಡು ನಡೆಸುವ ಕುದುರೆಗೆ ಬೆಲೆಯಿದ್ದುದರಿಂದ ಅವಕ್ಕೆ ಶಾಸ್ತ್ರವು ಹುಟ್ಟಿತು. ನಾಯಿಯು ವೈದ್ಯಗ್ರಂಥದಲ್ಲಿ ಮುಖ್ಯವಾಗಿ ಕಾಣಿಸಿಕೊಂಡುದು ರೋಗಿಯಾಗಿ ಅಲ್ಲ, ವಿಷವಾಗಿ. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಹುಚ್ಚುನಾಯಿಯ ಲಕ್ಷಣವು ಆಶ್ಚರ್ಯಪಡುವಷ್ಟು ನಿಖರವಾಗಿ ಬಂದಿದೆ. ಬಾಲವೂ ದವಡೆಯೂ ಹೆಗಲೂ ಜೋತುಬಿದ್ದು, ಜೊಲ್ಲು ಸುರಿಸುತ್ತ, ಕಣ್ಣು ಕಿವಿಗಳ ಎಚ್ಚರವಿಲ್ಲದೆ ಅದು ಓಡಾಡುತ್ತದೆ. ಅದರಿಂದ ಕಚ್ಚಿಸಿಕೊಂಡವನು ನೀರಿಗೆ ಹೆದರಲು ಮೊದಲುಮಾಡಿದರೆ ಅವನು ಉಳಿಯನು. 'ಜಲತ್ರಾಸ'ವೆಂಬುದು ಆ ಲಕ್ಷಣಕ್ಕೆ ಅಲ್ಲಿಟ್ಟ ಹೆಸರು. ಈ ಕಡೆಯ ವಾಕ್ಯವನ್ನು ಇಂದಿನ ವೈದ್ಯಶಾಸ್ತ್ರವೂ ತಿದ್ದಲಾರದೆ ಇದೆ. ಲಕ್ಷಣವು ತಲೆದೋರಿದ ಮೇಲೆ ಬದುಕಿದವರು ಜಗತ್ತಿನಲ್ಲಿಯೇ ಬೆರಳೆಣಿಕೆಯಷ್ಟು ಜನ.

ಆದುದರಿಂದ ಯಾದಿಯ ಮೊದಲನೆಯ ಸೂಜಿಯು ನಾಯಿಯ ಮೇಲಿನ ಕರುಣೆಯಿಂದ ಹುಟ್ಟಲಿಲ್ಲ. ಅದು ಮನುಷ್ಯನ ಭಯದಿಂದ ಹುಟ್ಟಿತು.

೨

೧೮೮೫ ನೆಯ ಜುಲೈ ೬ ರಂದು ಪ್ಯಾರಿಸಿನಲ್ಲಿ ಲೂಯಿ ಪಾಶ್ಚರನು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ, ಹುಚ್ಚು ಹಿಡಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ ಮಾಡಿದ ಲಸಿಕೆಯನ್ನು ಹಾಕಿಸಿದನು. ಕೆಲವೇ ದಿನಗಳಲ್ಲಿ ಹದಿಮೂರು ಸಲ ಲಸಿಕೆ ಪಡೆದ ಆ ಹುಡುಗನು ಬದುಕಿಕೊಂಡನು. ಕಚ್ಚಿದ ಮೇಲೆಯೂ ಲಸಿಕೆಯು ಫಲಿಸುವುದಕ್ಕೆ ಕಾರಣವೇನೆಂದರೆ, ಈ ವೈರಾಣುವು ನರಗಳ ದಾರಿಯಾಗಿ ಮೆದುಳಿಗೆ ನಿಧಾನವಾಗಿ ಏರುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಆ ನಡುವೆ ಶರೀರವು ತನ್ನ ಕಾವಲನ್ನು ಕಟ್ಟಿಕೊಳ್ಳಬಹುದು.

ಭಾರತದಲ್ಲಿ ಮೊದಲನೆಯ ಪಾಶ್ಚರ್ ಸಂಸ್ಥೆಯು ೧೯೦೦ ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಸ್ಥಾಪಿತವಾಯಿತು. ಆ ಮೊದಲು ಅನುಕೂಲವುಳ್ಳವರು ಹಡಗು ಹತ್ತಿ ಪ್ಯಾರಿಸಿಗೆ ಹೋಗಬೇಕಾಗಿದ್ದಿತು. ಉಳಿದವರಿಗೆ ಮಂತ್ರ, ಬೇರು, ಸುಡುವ ಕಬ್ಬಿಣ ಇವೇ ಗತಿ. ೧೯೦೨ ರಲ್ಲಿ ದಕ್ಷಿಣ ಭಾರತದಲ್ಲಿ ಆಂಗ್ಲ ಯುವತಿಯೊಬ್ಬಳು ಈ ರೋಗದಿಂದ ತೀರಿಕೊಂಡುದು ದೊಡ್ಡ ಸುದ್ದಿಯಾಯಿತು. ಅಮೆರಿಕದ ಧನಿಕನಾದ ಹೆನ್ರಿ ಫಿಪ್ಸನು ಕೊಟ್ಟಿದ್ದ ದಾನದ ಹಣದಿಂದ ನೀಲಗಿರಿಯ ಕೂನೂರಿನಲ್ಲಿ ೧೯೦೭ ರಲ್ಲಿ ಎರಡನೆಯ ಸಂಸ್ಥೆಯು ತೆರೆಯಿತು. ಆಗ ಗೋಕಾಕ, ಹುಕ್ಕೇರಿಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿದ್ದುವು. ಗೋಕಾಕದ ಗಿರಣಿಯು ೧೮೮೭ ರಿಂದ ನಡೆಯುತ್ತಿದ್ದಿತು, ರೈಲೂ ಬಂದಿದ್ದಿತು. ಆದರೆ ಹುಚ್ಚುನಾಯಿ ಕಚ್ಚಿದ ಒಬ್ಬ ರೈತನ ಮಗುವನ್ನು ಕಸೌಲಿಗಾಗಲಿ ಕೂನೂರಿಗಾಗಲಿ ಮುಟ್ಟಿಸುವುದೆಂದರೆ ಎತ್ತಿನ ಬಂಡಿಯಿಂದ ಇಳಿದು ದಿನಗಟ್ಟಲೆ ರೈಲಿನಲ್ಲಿ ಕುಳಿತು ಪರಭಾಷೆಯ ಊರಿಗೆ ಹೋಗಿ ವಾರಗಟ್ಟಲೆ ನಿಲ್ಲುವುದಾಗಿದ್ದಿತು. ಸಂಸ್ಥೆಯಿದ್ದರೂ ಬಡವನಿಗೆ ಅದು ಇಲ್ಲದಂತೆಯೇ.

ಈ ದೂರವನ್ನು ಕಡಮೆ ಮಾಡಿದವನು ಕಸೌಲಿಯ ಡೇವಿಡ್ ಸೆಂಪಲ್. ಕುರಿಯ ಮೆದುಳಿನಲ್ಲಿ ಬೆಳೆದ ವೈರಾಣುವನ್ನು ಕಾರ್ಬಾಲಿಕ್ ಆಮ್ಲದಿಂದ ಕೊಂದು ಅವನು ೧೯೧೧ ರ ಸುಮಾರಿಗೆ ಸಿದ್ಧಪಡಿಸಿದ ಲಸಿಕೆಯನ್ನು ಬಾಟಲಿಯಲ್ಲಿ ತುಂಬಿ ದೂರದ ದವಾಖಾನೆಗಳಿಗೆ ಕಳುಹಿಸಬಹುದಾಯಿತು. ಹೊಕ್ಕುಳ ಸುತ್ತಲಿನ ಹದಿನಾಲ್ಕು ಸೂಜಿಗಳೆಂದು ಹಿರಿಯರು ಈಗಲೂ ನೆನೆಸಿಕೊಳ್ಳುವುದು ಈ ಲಸಿಕೆಯನ್ನೇ. ಲಕ್ಷಾಂತರ ಜನರ ಪ್ರಾಣವನ್ನು ಉಳಿಸಿದರೂ ಅದಕ್ಕೆ ದೋಷವಿದ್ದಿತು: ಮೆದುಳಿನ ಅಂಶವು ಅದರಲ್ಲಿ ಸೇರಿದ್ದುದರಿಂದ ಕೆಲವರಿಗೆ ಪಾರ್ಶ್ವವಾಯುವಿನಂತಹ ಉಪದ್ರವಗಳಾಗುತ್ತಿದ್ದುವು. ಭಾರತದಲ್ಲಿ ಅದರ ತಯಾರಿಕೆಯು ೨೦೦೪ ರ ಕೊನೆಗೆ ನಿಂತಿತು. ಈಗ ಜೀವಕೋಶಗಳಲ್ಲಿ ಬೆಳೆಸಿದ ಶುದ್ಧವಾದ ಲಸಿಕೆಯನ್ನು ತೋಳಿಗೆ ನಾಲ್ಕೈದು ಬಾರಿ ಹಾಕುತ್ತಾರೆ. ಗಾಯವು ಆಳವಾಗಿದ್ದರೆ ಸಿದ್ಧ ಪ್ರತಿವಿಷವನ್ನೂ ಗಾಯದೊಳಕ್ಕೆ ಕೊಡುತ್ತಾರೆ. ಕಚ್ಚಿದ ಕೂಡಲೆ ಗಾಯವನ್ನು ಹದಿನೈದು ನಿಮಿಷ ಸಾಬೂನು ಮತ್ತು ಹರಿಯುವ ನೀರಿನಿಂದ ತೊಳೆಯುವುದು ಈ ಎಲ್ಲಕ್ಕೂ ಮೊದಲಿನ ಚಿಕಿತ್ಸೆ. ಸುಣ್ಣ, ಮೆಣಸಿನಪುಡಿಗಳನ್ನು ಮೆತ್ತುವ ರೂಢಿಯು ಗಾಯವನ್ನು ಕೆಡಿಸುವುದೇ ಹೊರತು ವೈರಾಣುವನ್ನು ತಡೆಯದು.

೩

ಇಷ್ಟು ವರ್ಷವೂ ಚಿಕಿತ್ಸೆಯು ಕಚ್ಚಿಸಿಕೊಂಡವನಿಗೆ ನಡೆಯಿತು. ಕಚ್ಚುವ ಪ್ರಾಣಿಗೆ ದೊರೆತುದು ವಿಷ ಅಥವಾ ಗುಂಡು. ನಾಯಿಗೇ ಲಸಿಕೆ ಹಾಕಿದರೆ ಮನುಷ್ಯನಿಗೆ ಸೂಜಿಯೇ ಬೇಡವಾಗಬಹುದೆಂಬ ಆಲೋಚನೆಯು ಪಾಶ್ಚರನಿಗೇ ಹೊಳೆದಿದ್ದರೂ ಕಾರ್ಯಕ್ಕೆ ಬಂದುದು ಜಪಾನಿನಲ್ಲಿ. ಉಮೆನೊ ಮತ್ತು ದೊಯಿ ಎಂಬವರು ೧೯೨೧ ರಲ್ಲಿ ನಾಯಿಗೆ ಒಂದೇ ಸಲ ಹಾಕುವ ಲಸಿಕೆಯನ್ನು ಪ್ರಕಟಿಸಿದರು. ಯುದ್ಧದ ನಂತರ ಆ ರಾಷ್ಟ್ರವು ೧೯೫೦ ರಲ್ಲಿ ಕಾಯಿದೆ ಮಾಡಿ ಸಾಕುನಾಯಿಗಳನ್ನು ದಾಖಲೆ ಮಾಡಿಸಿ ಲಸಿಕೆ ಹಾಕಿಸುವುದನ್ನು ಕಡ್ಡಾಯಗೊಳಿಸಿತು. ೧೯೫೭ ರ ಹೊತ್ತಿಗೆ ಅಲ್ಲಿ ಹುಚ್ಚುನಾಯಿ ರೋಗವು ನಿರ್ಮೂಲವಾಯಿತು. ದ್ವೀಪರಾಷ್ಟ್ರದ ಉದಾಹರಣೆಯು ಭಾರತಕ್ಕೆ ಸಲ್ಲದೆಂಬ ಆಕ್ಷೇಪವಿದ್ದರೆ, ಬೆಳಗಾವಿಯ ನೆರೆಯ ಗೋವೆಯನ್ನು ನೋಡಬಹುದು. ಅಲ್ಲಿ ೨೦೧೩ ರಿಂದ ಬೀದಿನಾಯಿ, ಸಾಕುನಾಯಿಗಳೆರಡಕ್ಕೂ ಬಲೆ ಹಿಡಿದು ಊರೂರು ತಿರುಗಿ ಲಸಿಕೆ ಹಾಕಿದರು; ಶಾಲೆಯ ಮಕ್ಕಳಿಗೆ ಪಾಠ ಹೇಳಿದರು. ಮನುಷ್ಯರ ಸಾವುಗಳು ನಿಂತುಹೋಗಿ ೨೦೨೧ ರಲ್ಲಿ ಗೋವೆಯು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿತವಾಯಿತು.

ಇಲ್ಲಿ ಒಂದು ಲೆಕ್ಕವಿದೆ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ವೈರಾಣುವು ಒಂದರಿಂದ ಇನ್ನೊಂದಕ್ಕೆ ದಾಟಲು ದಾರಿ ಸಿಗದೆ ತಾನಾಗಿ ನಶಿಸುತ್ತದೆ. ಜಗತ್ತಿನಲ್ಲಿ ಪ್ರತಿವರ್ಷವೂ ಸುಮಾರು ೫೯,೦೦೦ ಜನರು ಈ ರೋಗದಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನರಿಗೆ ರೋಗವು ತಗಲುವುದು ನಾಯಿಯಿಂದ. ಹುಚ್ಚುಪ್ರಾಣಿಯ ಕಡಿತಕ್ಕೆ ಗುರಿಯಾಗುವವರಲ್ಲಿ ನೂರಕ್ಕೆ ನಲವತ್ತು ಜನ ಹದಿನೈದು ವರ್ಷದೊಳಗಿನ ಮಕ್ಕಳು. ೨೦೩೦ ರೊಳಗೆ ನಾಯಿಯಿಂದ ಬರುವ ರೇಬೀಸನ್ನು ನಿರ್ಮೂಲ ಮಾಡಬೇಕೆಂಬ ರಾಷ್ಟ್ರೀಯ ಯೋಜನೆಯನ್ನು ಭಾರತ ಸರ್ಕಾರವು ೨೦೨೧ ರಲ್ಲಿ ಪ್ರಕಟಿಸಿದೆ.

ಆದುದರಿಂದ ಯಾದಿಯಲ್ಲಿ ಈ ಸೂಜಿಗೆ ಚರ್ಚೆಯೇ ಇಲ್ಲ. ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಮೊದಲನೆಯದು. ರೋಗವು ಹೆಚ್ಚಾಗಿರುವ ಸೀಮೆಯಲ್ಲಿ ಎರಡು ನಾಲ್ಕು ವಾರದೊಳಗೆ ಇನ್ನೊಂದು. ವರ್ಷ ತುಂಬಿದಾಗ ಮತ್ತೊಂದು. ಆ ಬಳಿಕ ಲಸಿಕೆಯ ಚೀಟಿಯಲ್ಲಿಯೂ ಸ್ಥಳದ ನಿಯಮದಲ್ಲಿಯೂ ಹೇಳಿದಂತೆ. ಮನೆಯ ಅಂಗಳವನ್ನು ಬಿಟ್ಟು ಹೊರಗೆ ಹೋಗದ ನಾಯಿಗೂ ಇದು ತಪ್ಪದು. ಹುಚ್ಚುನಾಯಿಗೆ ಅಂಗಳದ ಗೋಡೆಯು ಅಡ್ಡಿಯಲ್ಲ.

೪

ಎರಡನೆಯ ಗುಂಪಿನ ಲಸಿಕೆಗಳು ಮನುಷ್ಯನಿಗಾಗಿ ಹುಟ್ಟಿದುವಲ್ಲ. ಇವು ನಾಯಿಯ ಪ್ರಾಣಕ್ಕಾಗಿಯೇ ಹುಟ್ಟಿದುವು. ಸಿಡುಬಿಗೆ ಲಸಿಕೆ ಕಂಡುಹಿಡಿದ ಎಡ್ವರ್ಡ್ ಜೆನ್ನರನೇ ೧೮೦೯ ರಲ್ಲಿ ನಾಯಿಯ ಡಿಸ್ಟೆಂಪರ್ ರೋಗವನ್ನು ಕುರಿತು ಒಂದು ಲೇಖನವನ್ನು ಬರೆದಿದ್ದನು. ಜೆನ್ನರನ ಸಿಡುಬಿನ ಲಸಿಕೆಯು ಈ ಜಿಲ್ಲೆಗೆ ಪರಕೀಯವಲ್ಲ. ಬೆಳಗಾವಿಯ ಟಿಳಕವಾಡಿಯ ಲಸಿಕಾ ಸಂಸ್ಥೆಯಲ್ಲಿ ದೇವಿ ಹಾಕುವ ಲಸಿಕೆಯು ತಯಾರಾಗುತ್ತಿದ್ದಿತು. ಭಾರತದಿಂದ ಸಿಡುಬನ್ನು ಓಡಿಸಿದ ಒಣ ಲಸಿಕೆಯನ್ನು ತಯಾರಿಸಿದ ದೇಶದ ನಾಲ್ಕು ಸ್ಥಳಗಳಲ್ಲಿ ಬೆಳಗಾವಿಯೂ ಒಂದು. ಆ ಸ್ಥಳವನ್ನು ಜನರು ಇಂದಿಗೂ 'ವ್ಯಾಕ್ಸಿನ್ ಡಿಪೋ' ಎಂದು ಕರೆಯುತ್ತಾರೆ. ಮಕ್ಕಳಿಗೆ ದೇವಿ ಹಾಕಿಸಿದ ಮನೆತನಗಳಿಗೆ ನಾಯಿಮರಿಗೆ ಲಸಿಕೆ ಹಾಕಿಸುವುದರ ತತ್ತ್ವವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಡಿಸ್ಟೆಂಪರ್ ವೈರಾಣುವಿನಿಂದ ಬರುವುದೆಂಬುದನ್ನು ಫ್ರಾನ್ಸಿನ ಕಾರೆಯು ೧೯೦೫ ರಲ್ಲಿ ತೋರಿಸಿದನು. ಇಂಗ್ಲೆಂಡಿನಲ್ಲಿ ನಾಯಿಗಳ ಮೇಲಿನ ಪ್ರೀತಿಯಿಂದ ಒಂದು ಪತ್ರಿಕೆಯವರು ೧೯೨೩ ರಲ್ಲಿ ವಂತಿಗೆಯನ್ನು ಕೂಡಿಸಿದರು. ಆ ಹಣದಿಂದ ಲೇಡ್ಲಾ ಮತ್ತು ಡಂಕಿನ್ ಎಂಬವರು ಲಸಿಕೆಯನ್ನು ಸಾಧಿಸಿದರು. ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಗೆ ಈ ರೋಗವು ತಗಲುವುದೆಂದು ಅವರು ಕಂಡುಕೊಂಡುದರಿಂದಲೇ, ೧೯೩೩ ರಲ್ಲಿ ಮನುಷ್ಯನ ಇನ್‌ಫ್ಲುಯೆಂಜಾ ವೈರಾಣುವನ್ನು ಅದೇ ಪ್ರಾಣಿಯಲ್ಲಿ ಹಿಡಿಯುವುದು ಸಾಧ್ಯವಾಯಿತು. ನಾಯಿಗಾಗಿ ಕೂಡಿಸಿದ ವಂತಿಗೆಯು ಮನುಷ್ಯನಿಗೂ ಫಲಕೊಟ್ಟಿತು. ನಾಯಿಯ ಸಾಂಕ್ರಾಮಿಕ ಯಕೃತ್ತಿನ ರೋಗವನ್ನು ಸ್ವೀಡನ್ನಿನ ರುಬಾರ್ತನು ೧೯೪೭ ರಲ್ಲಿ ವಿಶದಪಡಿಸಿದನು. ಮೂರನೆಯದಾದ ಪಾರ್ವೊ ರೋಗವು ಎಲ್ಲಕ್ಕೂ ಹೊಸದು. ೧೯೭೮ ರಲ್ಲಿ ಅದು ಒಮ್ಮೆಗೇ ಹಲವು ಖಂಡಗಳಲ್ಲಿ ಕಾಣಿಸಿಕೊಂಡಿತು. ಮುಂದಿನ ಕೆಲವೇ ವರ್ಷಗಳಲ್ಲಿ ಭಾರತಕ್ಕೂ ಬಂದಿತು. ರಕ್ತಭೇದಿಯಿಂದ ಮರಿಗಳು ಎರಡು ಮೂರು ದಿನದಲ್ಲಿ ಸಾಯುತ್ತವೆ. ಆ ವೈರಾಣುವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಿಸಿರುವುದರಿಂದ, ಒಂದು ಮರಿ ಸತ್ತ ಅಂಗಳಕ್ಕೆ ಲಸಿಕೆಯಿಲ್ಲದ ಇನ್ನೊಂದು ಮರಿಯನ್ನು ತರುವುದು ಅದನ್ನು ಸಾವಿನ ಬಾಯಿಗೆ ಕೊಟ್ಟಂತೆಯೇ.

ಡಿಸ್ಟೆಂಪರ್, ಯಕೃತ್ತಿನ ರೋಗ, ಪಾರ್ವೊ ಇವು ಮೂರಕ್ಕೂ ಲಸಿಕೆಯು ಎಲ್ಲ ನಾಯಿಗಳಿಗೂ ಬೇಕೆಂಬುದು ಜಗತ್ತಿನ ಪಶುವೈದ್ಯ ಸಂಘಗಳ ಏಕಾಭಿಪ್ರಾಯ. ಆದರೆ ಎಷ್ಟು ಸಲವೆಂಬುದರಲ್ಲಿ ತಿಳಿವಳಿಕೆಯು ಬದಲಾಗಿದೆ. ತಾಯಿಯ ಮೊಲೆಹಾಲಿನಿಂದ ಮರಿಗೆ ಬಂದ ರಕ್ಷೆಯು ಹೊರಗಿನ ಲಸಿಕೆಯನ್ನೂ ಶತ್ರುವೆಂದು ತಿಳಿದು ಅಳಿಸಿಬಿಡುತ್ತದೆ. ಅದು ಯಾವ ವಾರದಲ್ಲಿ ಮುಗಿಯುವುದೆಂದು ಮರಿಯನ್ನು ನೋಡಿ ಹೇಳಲಾಗದು. ಆದುದರಿಂದ ಆರರಿಂದ ಎಂಟು ವಾರಕ್ಕೆ ಮೊದಲುಮಾಡಿ ಎರಡು ನಾಲ್ಕು ವಾರಕ್ಕೊಮ್ಮೆ ಹಾಕುತ್ತ, ಕಡೆಯದನ್ನು ಹದಿನಾರು ವಾರ ತುಂಬಿದ ಮೇಲೆಯೇ ಹಾಕಬೇಕು. ಎರಡು ಸೂಜಿ ಹಾಕಿಸಿ ಮೂರನೆಯದನ್ನು ಮರೆತವರ ಮರಿಯು ಪಾರ್ವೊದಿಂದ ಸತ್ತರೆ ಲಸಿಕೆಯನ್ನು ದೂರುವುದು ಸರಿಯಲ್ಲ. ಆರನೆಯ ತಿಂಗಳು ಅಥವಾ ವರ್ಷಕ್ಕೆ ಒಂದನ್ನು ಹಾಕಿಸಿದ ಮೇಲೆ, ಈ ಮೂರು ರೋಗಗಳಿಗೆ ಪ್ರತಿವರ್ಷವೂ ಹಾಕಿಸುವ ಅಗತ್ಯವಿಲ್ಲ. ಮೂರು ವರ್ಷಕ್ಕಿಂತ ಬೇಗ ಬೇಡವೆಂದು ವಿಶ್ವ ಸಣ್ಣಪ್ರಾಣಿ ಪಶುವೈದ್ಯ ಸಂಘದ ಸಲಹೆಯಿದೆ. ಹಲವು ರೋಗಗಳನ್ನು ಕೂಡಿಸಿದ ಸೂಜಿಯಲ್ಲಿ ಒಂದಕ್ಕೆ ವರ್ಷ, ಇನ್ನೊಂದಕ್ಕೆ ಮೂರು ವರ್ಷವಿರುವುದರಿಂದ ಈ ವಿಷಯವನ್ನು ವೈದ್ಯರಲ್ಲಿ ಕೇಳಿಯೇ ನಿಶ್ಚಯಿಸಬೇಕು.

೫

ಮೂರನೆಯ ಗುಂಪು ನೆಲವನ್ನು ನೋಡಿ ನಿಶ್ಚಯಿಸುವಂತಹುದು. ಈ ಮೂರು ತಾಲೂಕುಗಳ ನೆಲವು ನೂರೈವತ್ತು ವರ್ಷಗಳ ಹಿಂದೆ ಇದ್ದಂತೆ ಈಗ ಇಲ್ಲ. ಘಟಪ್ರಭೆಯ ಧೂಪದಾಳದ ಒಡ್ಡು ೧೮೯೭ ರ ಹೊತ್ತಿಗೆ ಮುಗಿಯಿತು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯವು ೧೯೭೭ ರಲ್ಲಿ ಪೂರ್ಣವಾಯಿತು. ಜೋಳ ಸಜ್ಜೆಗಳ ಹೊಲಕ್ಕೆ ಕಾಲುವೆಯ ನೀರು ಬಂದಿತು. ನೀರಿನ ಹಿಂದೆ ಕಬ್ಬು, ಕಬ್ಬಿನ ಹಿಂದೆ ಇಲಿ. ೨೦೧೯ ರ ಆಗಸ್ಟಿನ ಪ್ರವಾಹದಲ್ಲಿ ಗೋಕಾಕದ ಪೇಟೆಯೊಳಕ್ಕೂ ನೀರು ನುಗ್ಗಿದುದನ್ನು ಈ ಭಾಗದ ಜನರು ಮರೆತಿಲ್ಲ. ಇಲಿಯ ಮೂತ್ರದಿಂದ ನೀರಿಗೂ ಕೆಸರಿಗೂ ಸೇರುವ ಲೆಪ್ಟೊಸ್ಪೈರಾ ಎಂಬ ಸೂಕ್ಷ್ಮಜೀವಿಯು ಹರಡುವುದಕ್ಕೆ ಇದಕ್ಕಿಂತ ತಕ್ಕ ನೆಲವಿಲ್ಲ. ಜರ್ಮನಿಯ ವೈಲ್ ಎಂಬವನು ೧೮೮೬ ರಲ್ಲಿ ಬಣ್ಣಿಸಿದ, ಜಪಾನಿನ ಇನಾದ ಮತ್ತು ಇದೊ ೧೯೧೫ ರಲ್ಲಿ ಅದರ ಜೀವಿಯನ್ನು ಕಂಡುಹಿಡಿದ ಈ ಇಲಿಜ್ವರವು ನಾಯಿಯ ಮೂತ್ರಪಿಂಡ, ಯಕೃತ್ತುಗಳನ್ನು ಕೆಡಿಸುತ್ತದೆ. ನಾಯಿಯ ಮೂತ್ರದಿಂದ ಮನುಷ್ಯನಿಗೂ ಬರುತ್ತದೆ. ಬಹುಮಹಡಿಯ ಮನೆಯಲ್ಲಿ ನೆಲ ಮುಟ್ಟದ ನಾಯಿಗೆ ಈ ಲಸಿಕೆಯು ಚರ್ಚೆಯ ವಿಷಯವಾಗಬಹುದು. ಕಬ್ಬಿನ ಗದ್ದೆಯ ಬದುವಿನಲ್ಲಿ ಓಡುವ, ಕಾಲುವೆಯ ನೀರು ಕುಡಿಯುವ ನಾಯಿಗೆ ಇದು ಬೇಕು. ಮೊದಲು ಎರಡು ನಾಲ್ಕು ವಾರದ ಅಂತರದಲ್ಲಿ ಎರಡು ಸಲ, ಆ ಮೇಲೆ ಪ್ರತಿವರ್ಷವೂ, ಮಳೆಗಾಲಕ್ಕೆ ಮುಂಚೆ. ಇದರ ರಕ್ಷೆಯು ವರ್ಷಕ್ಕಿಂತ ಹೆಚ್ಚು ನಿಲ್ಲುವುದೆಂದು ನೆಚ್ಚಲಾಗದು.

ಕೆಮ್ಮಿನ ಲಸಿಕೆಯು ಇದಕ್ಕೆ ಪ್ರತಿಯಾದ ಉದಾಹರಣೆ. ಅನೇಕ ನಾಯಿಗಳು ಒಟ್ಟಿಗೆ ಸೇರುವ ಪ್ರದರ್ಶನ, ವಸತಿಗೃಹಗಳಿಗೆ ಕಳುಹಿಸುವ ನಾಯಿಗೆ ಅದರಿಂದ ಪ್ರಯೋಜನವುಂಟು. ಹಳ್ಳಿಯ ಒಂಟಿ ಮನೆಯಲ್ಲಿರುವ ನಾಯಿಗೆ ಅದನ್ನು ಬಿಟ್ಟರೆ ದೋಷವಿಲ್ಲ.

ಉಣ್ಣೆಯ ವಿಷಯದಲ್ಲಿ ಭಾರತಕ್ಕೆ ತನ್ನದೇ ಆದ ಚರಿತ್ರೆಯಿದೆ. ನಾಯಿಯ ರಕ್ತಕಣಗಳನ್ನು ನಾಶಮಾಡುವ ಬೆಬೀಸಿಯಾ ಗಿಬ್ಸೊನಿ ಎಂಬ ಪರೋಪಜೀವಿಯನ್ನು ಪ್ಯಾಟನ್ ಎಂಬವನು ಜಗತ್ತಿಗೆ ಮೊದಲು ತಿಳಿಸಿದುದು ೧೯೧೦ ರಲ್ಲಿ, ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ ಕಂಡು. ಉಣ್ಣೆಯಿಂದಲೇ ಬರುವ ಇನ್ನೊಂದು ರೋಗವಾದ ಎರ್ಲಿಕಿಯಾ ೧೯೩೫ ರಲ್ಲಿ ಆಲ್ಜೀರಿಯದಲ್ಲಿ ಪತ್ತೆಯಾಯಿತು. ಇವೆರಡಕ್ಕೂ ಇಲ್ಲಿ ಉಪಯೋಗಿಸಬಹುದಾದ ಲಸಿಕೆಯಿಲ್ಲ; ಉಣ್ಣೆಯನ್ನು ತಡೆಯುವುದೊಂದೇ ರಕ್ಷೆ. ಬಿಸಿಲಿನ ನಾಡಿನಲ್ಲಿ ಉಣ್ಣೆಗೆ ಋತುವಿಲ್ಲ. ಗೋಡೆಯ ಬಿರುಕಿನಲ್ಲಿ, ಕೊಟ್ಟಿಗೆಯ ಸಂದಿನಲ್ಲಿ ಸಾವಿರಾರು ಮೊಟ್ಟೆಯಿಡುತ್ತದೆ. ಆದುದರಿಂದ ವರ್ಷವೆಲ್ಲ ನಾಯಿಯ ಮೈಗೂ, ಅದು ಮಲಗುವ ಸ್ಥಳಕ್ಕೂ ಒಟ್ಟಿಗೆ ಉಪಾಯ ಮಾಡಬೇಕು. ದನಕ್ಕೆ ತಂದ ಐವರ್‌ಮೆಕ್ಟಿನ್ ಔಷಧವನ್ನು ಅಳತೆಯಿಲ್ಲದೆ ನಾಯಿಗೂ ಚುಚ್ಚುವುದು ಅಪಾಯಕಾರಿ. ಆ ಔಷಧದ ಮೂಲವನ್ನು ಜಪಾನಿನ ಮಣ್ಣಿನಲ್ಲಿ ಕಂಡುಹಿಡಿದ ಓಮುರಾ ಮತ್ತು ಅದನ್ನು ಬೆಳೆಸಿದ ಕ್ಯಾಂಪ್‌ಬೆಲ್ ಇವರಿಗೆ ೨೦೧೫ ರಲ್ಲಿ ನೊಬೆಲ್ ಪಾರಿತೋಷಕವು ದೊರೆತುದು ನಿಜ. ಆದರೆ ಕಾಲಿ ಮೊದಲಾದ ಕೆಲವು ತಳಿಯ ನಾಯಿಗಳಲ್ಲಿ ಅದು ಮೆದುಳಿಗೆ ಏರಿ ಪ್ರಾಣ ತೆಗೆಯುತ್ತದೆ.

೬

ಕಡೆಯದಾಗಿ ಜಂತು. ದುಂಡುಹುಳು ತಾಯಿಯ ಗರ್ಭದಲ್ಲಿಯೇ ಮರಿಗೆ ದಾಟುತ್ತದೆ. ಕೊಕ್ಕೆಹುಳು ಮೊಲೆಹಾಲಿನಲ್ಲಿ ಬರುತ್ತದೆ. ಆದುದರಿಂದ ಮರಿಗೆ ಎರಡು ವಾರವಾದಾಗಿನಿಂದ ಎರಡು ವಾರಕ್ಕೊಮ್ಮೆ ಎಂಟು ವಾರದವರೆಗೂ, ಆರು ತಿಂಗಳವರೆಗೆ ತಿಂಗಳಿಗೊಮ್ಮೆಯೂ, ಆ ಮೇಲೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆಯೂ ಔಷಧ ಕೊಡುವ ಪದ್ಧತಿಯಿದೆ. ದುಂಡುಹುಳುವಿನ ತತ್ತಿಗಳು ಅಂಗಳದ ಮಣ್ಣಿನಿಂದ ಆಡುವ ಮಕ್ಕಳ ಬಾಯಿಗೆ ಹೋಗಿ ಕಣ್ಣಿಗೂ ಯಕೃತ್ತಿಗೂ ಸಂಚರಿಸಬಲ್ಲುವು.

ಆದರೆ ಕುರಿಯ ನಾಡಾದ ಗೋಕಾಕ, ಮೂಡಲಗಿಗಳಲ್ಲಿ ಇದಕ್ಕಿಂತ ಎಚ್ಚರಿಕೆಯಿಂದ ನೋಡಬೇಕಾದುದು ಒಂದು ಸಣ್ಣ ಲಾಡಿಹುಳು. ಎಕಿನೊಕಾಕಸ್ ಎಂಬ ಇದು ಅಕ್ಕಿಯ ಕಾಳಿನಷ್ಟೇ ಉದ್ದ. ನಾಯಿಯ ಕರುಳಿನಲ್ಲಿ ಸಾವಿರಗಟ್ಟಲೆ ಇದ್ದರೂ ನಾಯಿಗೆ ಬಾಧೆಯಿಲ್ಲ. ಅದರ ತತ್ತಿಯು ಹುಲ್ಲಿನೊಡನೆ ಕುರಿಯ ಹೊಟ್ಟೆಗೆ ಹೋದರೆ ಯಕೃತ್ತು, ಪುಪ್ಪುಸಗಳಲ್ಲಿ ನೀರು ತುಂಬಿದ ಗುಳ್ಳೆಗಳಾಗಿ ಬೆಳೆಯುತ್ತದೆ. ಕುರಿಯನ್ನು ಕೊಯ್ದಾಗ ಆ ಗುಳ್ಳೆಯ ತುಂಡನ್ನು ನಾಯಿಗೆ ಎಸೆದರೆ ಚಕ್ರವು ಪೂರ್ತಿಯಾಗುತ್ತದೆ. ನಾಯಿಯನ್ನು ತಡವಿದ ಕೈಯನ್ನು ತೊಳೆಯದೆ ಉಂಡ ಮನುಷ್ಯನ ಯಕೃತ್ತಿನಲ್ಲಿಯೂ ಅದೇ ಗುಳ್ಳೆಯು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಶಸ್ತ್ರಚಿಕಿತ್ಸೆಗೆ ಗುರಿಮಾಡುತ್ತದೆ. ಈ ಚಕ್ರವನ್ನು ಜರ್ಮನಿಯ ಫೊನ್ ಸೀಬೋಲ್ಡನು ೧೮೫೦ ರ ದಶಕದ ಆದಿಯಲ್ಲಿ ನಾಯಿಗಳಿಗೆ ಗುಳ್ಳೆಗಳನ್ನು ತಿನ್ನಿಸಿ ಸಿದ್ಧಪಡಿಸಿದನು.

ಇದನ್ನು ಒಂದು ದೇಶವು ಓದಿನಿಂದ ಗೆದ್ದಿತು. ಐಸ್‌ಲ್ಯಾಂಡ್ ದ್ವೀಪದಲ್ಲಿ ಮನೆಗೊಂದು ನಾಯಿ, ಎಲ್ಲೆಲ್ಲ ಕುರಿ, ಊರೂರಿಗೂ ಹೊಟ್ಟೆಯ ಗುಳ್ಳೆಯ ರೋಗಿಗಳು. ಹೆರಾಲ್ಡ್ ಕ್ರಾಬೆ ಎಂಬ ಡೆನ್ಮಾರ್ಕಿನ ಪಶುವೈದ್ಯನು ಅಲ್ಲಿ ಸಂಚರಿಸಿ ೧೮೬೪ ರಲ್ಲಿ ಒಂದು ಕಿರುಹೊತ್ತಗೆಯನ್ನು ಬರೆದನು. ಸರ್ಕಾರವು ಅದನ್ನು ಬಿಟ್ಟಿಯಾಗಿ ಹಂಚಿತು. ಓದು ಬಲ್ಲ ಆ ಮನೆತನಗಳು ನೀಳವಾದ ಚಳಿಗಾಲದ ಇರುಳುಗಳಲ್ಲಿ ಅದನ್ನು ಓದಿದುವು. ಕುರಿಯ ಒಳಾಂಗಗಳನ್ನು ನಾಯಿಗೆ ಹಾಕದೆ ಹೂಳುವುದನ್ನು ಕಲಿತುವು. ಆ ಬಳಿಕ ನಾಯಿಗಳಿಗೆ ತೆರಿಗೆಯೂ ಕಡ್ಡಾಯವಾದ ಜಂತಿನ ಔಷಧವೂ ಬಂದುವು. ಕಾಲಕ್ರಮದಲ್ಲಿ ಆ ರೋಗವು ದ್ವೀಪದಿಂದ ಮರೆಯಾಯಿತು. ಈಗಿನಂತಹ ಒಳ್ಳೆಯ ಔಷಧವು ಆಗ ಇರಲಿಲ್ಲ. ಪ್ರಾಜಿಕ್ವಾಂಟೆಲ್ ಬಂದುದು ೧೯೭೦ ರ ದಶಕದಲ್ಲಿ. ಅಲ್ಲಿಯ ಜನರು ಔಷಧವಿಲ್ಲದೆ ಸಾಧಿಸಿದುದನ್ನು ಇಲ್ಲಿ ಔಷಧವಿದ್ದು ಸಾಧಿಸದಿರುವುದಕ್ಕೆ ಕಾರಣವಿಲ್ಲ. ಹಸಿಯ ಒಳಾಂಗವನ್ನು ತಿನ್ನುವ ಅವಕಾಶವುಳ್ಳ ನಾಯಿಗೆ ಪ್ರಾಜಿಕ್ವಾಂಟೆಲನ್ನು ನಾಲ್ಕರಿಂದ ಆರು ವಾರಕ್ಕೊಮ್ಮೆ ಕೊಡಬೇಕು, ಏಕೆಂದರೆ ಹುಳುವು ತತ್ತಿಯಿಡುವ ವಯಸ್ಸಿಗೆ ಬರಲು ಸುಮಾರು ಆರು ವಾರ ಹಿಡಿಯುತ್ತದೆ. ಅಂಗಡಿಯ ಎಲ್ಲ ಜಂತಿನ ಗುಳಿಗೆಗಳಲ್ಲಿಯೂ ಈ ಔಷಧವಿರುವುದಿಲ್ಲ. ಚೀಟಿಯನ್ನು ಓದಿ ಕೊಳ್ಳಬೇಕು.

೭

ಇಷ್ಟರಿಂದ ಯಾದಿಯ ಕ್ರಮವು ಸ್ಪಷ್ಟವಾಗುತ್ತದೆ. ಹುಚ್ಚಿನ ಸೂಜಿಯೂ ಜಂತಿನ ಔಷಧವೂ ಮನೆಗಾಗಿ, ಊರಿಗಾಗಿ. ಅವುಗಳನ್ನು ಬಿಡುವ ಸ್ವಾತಂತ್ರ್ಯವು ನಾಯಿ ಸಾಕಿದವರಿಗೆ ಇಲ್ಲ. ಡಿಸ್ಟೆಂಪರ್, ಯಕೃತ್ತಿನ ರೋಗ, ಪಾರ್ವೊ ಇವುಗಳ ಲಸಿಕೆಯು ನಾಯಿಗಾಗಿ. ಮರಿಯಾಗಿದ್ದಾಗ ಪೂರ್ತಿಯಾಗಿ, ದೊಡ್ಡದಾದ ಮೇಲೆ ವಿರಳವಾಗಿ. ಇಲಿಜ್ವರ, ಉಣ್ಣೆ ಇವು ನೆಲದ ಪ್ರಶ್ನೆ. ಈ ಸೀಮೆಯಲ್ಲಿ ಉತ್ತರವು 'ಬೇಕು' ಎಂದೇ. ಉಳಿದುವು ನಾಯಿಯ ಜೀವನಕ್ರಮವನ್ನು ನೋಡಿ. ಹಣದ ಅಭಾವದಿಂದ ಒಂದನ್ನೇ ಆರಿಸಬೇಕಾದವರು ಮೊದಲನೆಯದನ್ನು ಆರಿಸಬೇಕು. ಅನೇಕ ಸರ್ಕಾರಿ ಪಶುಚಿಕಿತ್ಸಾಲಯಗಳಲ್ಲಿ, ಅದರಲ್ಲಿಯೂ ಪಾಶ್ಚರನು ತೀರಿಕೊಂಡ ಸಪ್ಟಂಬರ ೨೮ ರ ವಿಶ್ವ ರೇಬೀಸ್ ದಿನದ ಸುಮಾರಿಗೆ, ಅದು ಬಿಟ್ಟಿಯಾಗಿಯೇ ದೊರೆಯುತ್ತದೆ.

ಒಂದು ಅಂಶವು ಮಾತ್ರ ಯಾವ ಯಾದಿಯಲ್ಲಿಯೂ ಕಾಣದು. ಪೇಟೆಯ ಮನೆಯಲ್ಲಿ ಬೆಲೆಕೊಟ್ಟು ತಂದ ನಾಯಿಗೆ ಒಂಬತ್ತು ರೋಗದ ಸೂಜಿಯಾಗುವಾಗ, ಸುಗ್ಗಿ ಮುಗಿದ ಹೊಲದಲ್ಲಿ ಹಟ್ಟಿ ಹಾಕಿದ ಕುರಿಗಾರನ ನಾಯಿಗೆ ಒಂದೂ ಆಗಿರುವುದಿಲ್ಲ. ನೆರೆಯ ಮುಧೋಳದ ಬೇಟೆನಾಯಿಯ ಚಿತ್ರವು ೨೦೦೫ ರಲ್ಲಿ ಅಂಚೆಚೀಟಿಯ ಮೇಲೆ ಬಂದಿತು. ಆ ತಳಿಯ ನಾಯಿಗಳು ಸೈನ್ಯವನ್ನೂ ಸೇರಿದುವು. ಆದರೆ ತಳಿಯ ಹೆಸರಿಲ್ಲದ ಕಾವಲುನಾಯಿಯೇ ತೋಳವನ್ನೂ ಹುಚ್ಚುನರಿಯನ್ನೂ ಮೊದಲು ಎದುರಿಸುವುದು, ಕುರಿಯ ಒಳಾಂಗವನ್ನು ತಿನ್ನುವುದು, ಹಳ್ಳಿಯ ಮಕ್ಕಳ ನಡುವೆ ಮಲಗುವುದು. ನೂರಕ್ಕೆ ಎಪ್ಪತ್ತೆಂಬ ಲೆಕ್ಕವು ಪೂರ್ತಿಯಾಗಬೇಕಾದುದು ಈ ನಾಯಿಗಳಿಂದ. ತನ್ನ ಹೊಲದಲ್ಲಿ ಹಟ್ಟಿ ಹಾಕಿಸಿ ಗೊಬ್ಬರದ ಲಾಭ ಪಡೆಯುವ ಒಕ್ಕಲಿಗನು ಕುರಿಗಾರನಿಗೆ ಕಾಳು ಅಳೆದುಕೊಡುವ ರೂಢಿಯು ಈ ಸೀಮೆಯಲ್ಲಿ ಹಳೆಯದು. ಅದೇ ದಿನ ಪಶುವೈದ್ಯರನ್ನು ಹೊಲಕ್ಕೆ ಕರೆಸಿ ಹಟ್ಟಿಯ ನಾಲ್ಕು ನಾಯಿಗಳಿಗೆ ಸೂಜಿ ಹಾಕಿಸಿ, ಕೈಯಲ್ಲಿ ಜಂತಿನ ಗುಳಿಗೆ ಕೊಟ್ಟು ಕಳುಹಿಸಿದರೆ, ಆ ಕಾಳಿನ ಲೆಕ್ಕದಲ್ಲಿ ಅದು ದೊಡ್ಡ ಮೊತ್ತವಾಗದು.